ಕೋಲಾರದಲ್ಲಿ ನೋಡೋಕೆ ಏನಿದೆ ಅಂತ ಕೇಳುವವರಿಗೆ

"ಕೋಲಾರದಲ್ಲಿ ಚಿನ್ನದ ಗಣಿ ಬಿಟ್ಟರೆ ನೋಡೋಕೆ ಏನಿದೆ?"

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ನನ್ನೂರು ಯಾವುದು ಅಂತ ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಕೋಲಾರ ಊರಿನಲ್ಲಿ ಚಿನ್ನದ ಗಣಿ ಇಲ್ಲ. ಗಣಿ ಇರುವುದು ಕೆಜಿಎಫ್‌ನಲ್ಲಿ. ನಮ್ಮೂರಿನಿಂದ ಬಂಗಾರಪೇಟೆ ದಾಟಿ ಸುಮಾರು 30 ಕಿಲೋಮೀಟರ್ ಹೋಗಬೇಕು. ಅದೂ 2001ರ ಫೆಬ್ರವರಿಯಲ್ಲೇ ಮುಚ್ಚಿತು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಸುರಂಗಗಳಲ್ಲಿ ಈಗ ನೀರು ತುಂಬಿದೆ. ಒಳಗೆ ಬಿಡ್ತಾರಾ ಅಂತ ಕೇಳಬೇಡಿ, ಬಿಡಲ್ಲ. ಅಲ್ಲಿ ದುಡಿದವರ ಕಥೆ ದೊಡ್ಡದು. ಅದನ್ನು ಅವರ ಬಾಯಿಂದಲೇ ಕೇಳಬೇಕು, ನಾನು ಹೇಳುವುದಲ್ಲ.

ಇಷ್ಟು ಹೇಳಿದ ಮೇಲೆ ಅಂತರಗಂಗೆ ಬೆಟ್ಟ ಇದೆ, ಬನ್ನಿ ಅಂತೀನಿ. ತಕ್ಷಣ ಇನ್ನೊಂದು ಪ್ರಶ್ನೆ: "ಎಷ್ಟು ಹೊತ್ತಲ್ಲಿ ಮುಗಿಯುತ್ತೆ?" ಅರ್ಧ ಗಂಟೆ ಸಾಕಾ? ಮುಗಿಸಿಕೊಂಡು ಮುಳಬಾಗಿಲಿನ ಮೇಲೆ ತಿರುಪತಿಗೆ ಹೋಗಿಬಿಡಬಹುದಾ? ಬೆಟ್ಟವನ್ನು ಮುಗಿಸೋದು ಅಂದರೇನು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಒಮ್ಮೆ ಬೆಂಗಳೂರಿನಿಂದ ಗೆಳೆಯನೊಬ್ಬ ತನ್ನ ಕಡೆಯವರನ್ನು ಕರೆದುಕೊಂಡು ಬಂದಿದ್ದ. ಬೇಗ ಬನ್ನಿ ಅಂದಿದ್ದೆ. ಹೆದ್ದಾರಿಯಲ್ಲಿ ತಿಂಡಿ ತಿಂದು, ಬಿಸಿಲೇರಿದ ಮೇಲೆ ಬಂದರು. ಮೆಟ್ಟಿಲು ಹತ್ತುವಾಗ ಒಬ್ಬರ ಕೈಲಿದ್ದ ಚಿಪ್ಸ್ ಪ್ಯಾಕೆಟ್ಟನ್ನು ಕೋತಿ ಕಿತ್ತುಕೊಂಡಿತು. ಅದಕ್ಕೂ ನನ್ನ ಕಡೆ ತಿರುಗಿ ನೋಡಿದರು, ನಾನೇ ಸಾಕಿದ ಕೋತಿಯೇನೋ ಅನ್ನುವಂತೆ. ಮೇಲೆ ಕಲ್ಲಿನ ಬಸವಣ್ಣನ ಬಾಯಿಂದ ನೀರು ಬೀಳುವ ಜಾಗದಲ್ಲಿ ಒಬ್ಬ ಅಜ್ಜಿ ಕ್ಯಾನಿಗೆ ನೀರು ಹಿಡಿಯುತ್ತಿದ್ದರು. ಫೋಟೋಗೆ ಅಡ್ಡ ಆಗುತ್ತೆ ಅಂತ ಇವರು, "ಅಜ್ಜಿ, ಸ್ವಲ್ಪ ಆ ಕಡೆ ಹೋಗಿ" ಅಂದರು. ಅಜ್ಜಿ ಅರ್ಧ ತುಂಬಿದ ಕ್ಯಾನು ಎತ್ತಿಕೊಂಡು ಸರಿದು ನಿಂತರು. ನಾನು ಕ್ಷಮೆ ಕೇಳೋಕೆ ಹೋದರೆ, "ಆಗ್ಲಿ ಬಿಡಪ್ಪ, ನೀರೇನು ಓಡೋಗಲ್ಲ" ಅಂದರು.

ಫೋಟೋ ತೆಗೆದಾಯಿತು. "ಅಷ್ಟೇನಾ?" ಅಂತ ಕೇಳಿ ಇಳಿದು ಹೊರಟೇ ಬಿಟ್ಟರು.

ಆ ನೀರು ಎಲ್ಲಿಂದ ಬರುತ್ತೆ ಅಂತ ಅವರಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ಬೇಕಿದ್ದ ಪ್ರಶ್ನೆ ಅದು.

ಯಾಕಂದರೆ ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ನಂದಿ ಬೆಟ್ಟದ ಕಡೆ ಹುಟ್ಟಿ ಇಲ್ಲಿ ಹಾದು ತಮಿಳುನಾಡಿಗೆ ಹೋಗುವ ಪಾಲಾರ್ ಹೆಚ್ಚು ಕಾಲ ಬರೀ ಮರಳು. ಸಾವಿರ ಅಡಿ ಕೊರೆದರೂ ನೀರು ಸಿಗದೆ ಸಾಲಕ್ಕೆ ಬಿದ್ದ ರೈತರು ಇಲ್ಲಿ ಊರೂರಲ್ಲೂ ಇದ್ದಾರೆ. ಅಂಥ ಜಾಗದಲ್ಲಿ, ಬೆಟ್ಟದ ಅರ್ಧ ಎತ್ತರದಲ್ಲಿ, ಪಂಪಿಲ್ಲದೆ, ಕರೆಂಟಿಲ್ಲದೆ ನೀರು ಬೀಳುತ್ತದೆ. ಬೇಸಿಗೆಯಲ್ಲೂ ನಿಲ್ಲಲ್ಲ ಅನ್ನೋದು ಊರಿನವರ ಹೆಮ್ಮೆ. ಗಂಗೆಯೇ ಒಳಗಿಂದ ಹರಿದು ಬರುತ್ತಾಳೆ ಅನ್ನೋದು ಹಿರಿಯರ ನಂಬಿಕೆ. ನಾನು ಅದನ್ನು ಅಲ್ಲಗಳೆಯಲ್ಲ. ನೀರು ಬರುವ ದಾರಿಯೂ ಕಣ್ಣಿಗೆ ಕಾಣುವಂಥದ್ದೇ. ಇಡೀ ಬೆಟ್ಟ ಬಿರುಕು ಬಿಟ್ಟ ಬಂಡೆ. ಮೇಲೆ ಬಿದ್ದ ಮಳೆ ಆ ಬಿರುಕುಗಳಲ್ಲಿ ಇಳಿದು, ಒಳಗೆ ನಿಧಾನವಾಗಿ ಜಿನುಗಿ, ಕೆಳಗೆ ದಾರಿ ಸಿಕ್ಕಲ್ಲಿ ಹೊರಗೆ ಬರುತ್ತದೆ. ಮಳೆ ನಿಂತು ತಿಂಗಳುಗಳಾದರೂ ಒಳಗೆ ನೀರು ನಡೆಯುತ್ತಲೇ ಇರುತ್ತದೆ.

ಇದನ್ನು ನೋಡೋಕೆ ಅರ್ಧ ಗಂಟೆ ಸಾಲದು. ಬೆಳಿಗ್ಗೆ ಬಿಸಿಲಿಗೆ ಮೊದಲು ಬನ್ನಿ. ಬೆಂಗಳೂರಿನಿಂದ 70 ಕಿಲೋಮೀಟರ್ ಕೂಡ ಇಲ್ಲ, ಊರಿನಿಂದ ಬೆಟ್ಟಕ್ಕೆ ಆಟೋ ಸಿಗುತ್ತದೆ. ಬಸವಣ್ಣನ ಹತ್ತಿರ ಸುಮ್ನೆ ಕೂತುಕೊಳ್ಳಿ. ಆಮೇಲೆ ಮೇಲೆ ಹತ್ತಿ. ಮೂಟೆ ಒಟ್ಟಿದ ಹಾಗೆ ಒಂದರ ಮೇಲೊಂದು ಕೂತ ಗುಂಡುಗಳು, ಅವುಗಳ ನಡುವೆ ಗುಹೆಗಳು. ಕೆಲವು ಕಡೆ ತೆವಳಬೇಕು. ದಾರಿ ಗೊತ್ತಿರುವವರು ಜೊತೆಗಿಲ್ಲದೆ ಒಳಗೆ ಹೋಗಬೇಡಿ. ಇನ್ನೂ ಮೇಲೆ ಹೋದರೆ ಬೆಟ್ಟದ ತಲೆ ಮೇಲೆ ಹೊಲ ಕಾಣುತ್ತದೆ, ರಾಗಿ ಕಾಣುತ್ತದೆ, ದನ ಕಾಣುತ್ತದೆ. ತೇರಹಳ್ಳಿಯಂಥ ಊರುಗಳೇ ಇವೆ ಅಲ್ಲಿ. ಅಂತರಗಂಗೆ ಇರುವ ಈ ಶತಶೃಂಗ ಬೆಟ್ಟ ಅಂದರೆ ಒಂದು ಗುಡ್ಡ ಅಲ್ಲ, ಜನ ಬದುಕುವ ಸಾಲು. ನಮ್ಮೂರಿನ ಮಕ್ಕಳಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಅದು ನನಗೆ ಇನ್ನೂ ಜಾಸ್ತಿ ಬೇಜಾರು.

ಬಿಸಿಲೇರಿದಾಗ ಇಳಿದು ಊರೊಳಗೆ ಬನ್ನಿ. ಮುದ್ದೆ ಊಟ ಮಾಡಿ. ಅವರೆಕಾಯಿ ಕಾಲವಾಗಿದ್ದರೆ ಹಿತಕಿದ ಬೇಳೆ ಸಾರು ಕೇಳಿ ಹಾಕಿಸಿಕೊಳ್ಳಿ. ದೇವಸ್ಥಾನದ ಬಾಗಿಲು ಸಂಜೆ ತೆರೆದ ಮೇಲೆ ಕೋಲಾರಮ್ಮನ ಗುಡಿಗೆ ಹೋಗಿ. ಕಲ್ಲಿನ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ, ಸಾವಿರ ವರ್ಷದ ಹಳೆಯವು. ಚೇಳಮ್ಮನೂ ಅಲ್ಲೇ ಇದ್ದಾಳೆ. ಚೇಳು ಕಡಿಯದಿರಲಿ ಅಂತ ಜನ ಅವಳಿಗೆ ಕಾಣಿಕೆ ಹಾಕುತ್ತಾರೆ. ಅಲ್ಲಿಂದ ಸೋಮೇಶ್ವರನ ಗುಡಿಗೆ ಬಂದರೆ ವಿಜಯನಗರ ಕಾಲದ ಕಲ್ಯಾಣ ಮಂಟಪ. ಆ ಕಂಬಗಳ ಕೆತ್ತನೆಗೆ ನಾನು ವಿವರಣೆ ಕೊಡಲ್ಲ, ಹೋಗಿ ನಿಂತು ನೋಡಿ.

ಬೆಟ್ಟದ ಮೇಲಿಂದ ಕೆರೆಗಳೂ ಕಾಣುತ್ತವೆ. ಅವುಗಳ ಬಗ್ಗೆಯೂ ಕೇಳಿ, ದಯವಿಟ್ಟು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಒಣಗಿದ್ದ ಕೆರೆ ತುಂಬಿದ್ದು ಕಂಡು ಖುಷಿಪಟ್ಟವರು ಇದ್ದಾರೆ, ನಾನೂ ಪಟ್ಟೆ. ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕು ಅಂತ ಹೋರಾಡುವವರ ಜೊತೆಗೂ ನಾನಿದ್ದೇನೆ. ನಿಮ್ಮ ಮನೆಯ ಬಚ್ಚಲಿಂದ ಹೊರಟ ನೀರು ನಮ್ಮ ಕೆರೆಗೆ ಬರುತ್ತಿರುವಾಗ, ಇಲ್ಲಿ ನೋಡೋಕೆ ಏನಿದೆ ಅಂತ ನೀವು ಕೇಳಿದರೆ ನನಗೆ ಸಿಟ್ಟು ಬರುತ್ತೆ ಅಲ್ವಾ?

ಬರುವುದಾದರೆ ವಾರದ ದಿನ ಬನ್ನಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದರೆ ಬೆಟ್ಟ ಹಸಿರಾಗಿರುತ್ತದೆ, ಸೀತಾಫಲವೂ ಸಿಗುತ್ತದೆ. ತಿಂಡಿ ಕೈಯಲ್ಲಿ ಹಿಡಿದು ಹತ್ತಬೇಡಿ, ಬ್ಯಾಗಿನಲ್ಲಿಡಿ. ತಂದ ಬಾಟಲಿ, ಪ್ಯಾಕೆಟ್ಟುಗಳನ್ನು ವಾಪಸ್ ತಗೊಂಡು ಹೋಗಿ. ನೀವು ಕಸ ಬಿಸಾಕಿ ಹೋಗುವ ಆ ಬಂಡೆಗಳ ಸಂದಿಯಲ್ಲೇ ನಮ್ಮ ನೀರು ಇಳಿಯುವುದು.