ನೆರಳಿಲ್ಲದ ರೋಮ್

ಫ್ರೆಂಚ್ ಅಲಂಕಾರ ಕಲೆಯಲ್ಲಿ ಪ್ರಾಚೀನ ರೋಮಿನ ಛಾಯೆ ಹಲವು ಶತಮಾನಗಳದ್ದಾದರೂ, ನನ್ನನ್ನು ಬಹುವಾಗಿ ಸೆಳೆದಿರುವುದು ಶಾರ್ಲ್ ಪೆರ್ಸಿಯೆ ಮತ್ತು ಪಿಯೇರ್ ಫೊಂತೆನ್ ಎಂಬ ಇಬ್ಬರು ವಾಸ್ತುಶಿಲ್ಪಿಗಳ ರೇಖಾಚಿತ್ರಗಳು. 1786ರಲ್ಲಿ, ಫ್ರೆಂಚ್ ಕಲಾವಿದರನ್ನು ಅಧ್ಯಯನಕ್ಕಾಗಿ ರೋಮಿಗೆ ಕಳುಹಿಸುತ್ತಿದ್ದ ‘ರೋಮ್ ಬಹುಮಾನ’ ಗೆದ್ದು ಆ ನಗರಕ್ಕೆ ಹೋದ ಪೆರ್ಸಿಯೆ, ಅಲ್ಲಿ ರೋಮನ್ ಚಕ್ರವರ್ತಿ ಟ್ರೇಜನ್‌ನ ವಿಜಯಸ್ತಂಭವನ್ನು ವಿವರವಾಗಿ ಚಿತ್ರಿಸಿದ. ಕ್ರಿ.ಶ. 113ರ ಆ ಸ್ತಂಭದ ಮೈಮೇಲೆ ಆ ಚಕ್ರವರ್ತಿ ಡೇಸಿಯಾದಲ್ಲಿ (ಇಂದಿನ ರೊಮೇನಿಯಾ ಪ್ರದೇಶ) ನಡೆಸಿದ ಯುದ್ಧಗಳ ಕಥೆ ಸುರುಳಿ ಸುತ್ತುತ್ತ ಮೇಲೇರಿದರೆ, ಅದರ ಪೀಠದಲ್ಲಿ ಸೋತವರ ಗುರಾಣಿ, ಶಿರಸ್ತ್ರಾಣ, ಕವಚಗಳು ರಾಶಿ ಬಿದ್ದಿವೆ.

ಈ ಬಗೆಯ ಆಯುಧರಾಶಿಯೇ ಮುಂದೆ ಪ್ಯಾರಿಸ್ ಬಳಿಯ ಮಾಲ್ಮೆಸೋನ್ ಬಂಗಲೆಯ ಒಳಕ್ಕೆ ಬಂತು. 1800ರಲ್ಲಿ ನೆಪೋಲಿಯನ್‌ಗಾಗಿ ಇವರು ರೂಪಿಸಿದ ಸಮಾಲೋಚನಾ ಕೊಠಡಿ ಯುದ್ಧಭೂಮಿಯ ಡೇರೆಯಂತಿದೆ: ಪಟ್ಟೆಪಟ್ಟೆಯ ಬಟ್ಟೆಯನ್ನು ಈಟಿಗಳೂ ರೋಮನ್ ಅಧಿಕಾರದ ಕುರುಹಾದ ಕಡ್ಡಿಕಟ್ಟುಗಳೂ ಎತ್ತಿ ಹಿಡಿದಂತೆ ತೋರುತ್ತವೆ, ನಡುನಡುವೆ ಆಯುಧಗಳ ಗೊಂಚಲುಗಳಿವೆ. ಸೇನಾನಿಯ ಮನೆಗೆ ಇದು ಒಪ್ಪುತ್ತದೆ ಎನ್ನಬಹುದು. ನನಗಂತೂ ಅದು ಸ್ವಲ್ಪ ನಾಟಕದ ರಂಗಸಜ್ಜಿಕೆಯಂತೆಯೇ ಕಾಣುತ್ತದೆ.

1801ರಿಂದ ಕಂತುಗಳಲ್ಲಿ ಹೊರಬಂದು 1812ರಲ್ಲಿ ಗ್ರಂಥರೂಪ ಪಡೆದ ಇವರ ಒಳಾಂಗಣ ವಿನ್ಯಾಸಗಳ ಸಂಕಲನದಲ್ಲಿ 72 ಫಲಕಗಳಿವೆ. ಅವುಗಳಲ್ಲಿ ಬಣ್ಣವಿಲ್ಲ, ನೆರಳು ಬಹುಮಟ್ಟಿಗೆ ಇಲ್ಲವೇ ಇಲ್ಲ. ಇರುವುದು ತೆಳ್ಳಗಿನ, ಎಲ್ಲೂ ನಡುಗದ ಹೊರಗೆರೆ ಮಾತ್ರ. ರೆಕ್ಕೆ ಬಿಚ್ಚಿದ ವಿಜಯದೇವತೆಯ ಸೆರಗಿನ ಮಡಿಕೆಗಳೂ ಕುರ್ಚಿಯ ತೋಳಿಗೆ ಕೂತ ಸಿಂಹಮುಖವೂ ಒಂದೇ ದಪ್ಪದ ಗೆರೆಯಲ್ಲಿ ನಿಲ್ಲುತ್ತವೆ. ಸವೆದ ಕಲ್ಲು, ಮುರಿದ ಮೂಗು, ಮಳೆಯ ಕಲೆ ಯಾವುದೂ ಇಲ್ಲಿಲ್ಲದ ಕಾರಣ, ರೋಮ್ ಇಲ್ಲಿ ಹಾಳು ಬಿದ್ದ ನಗರವಾಗಿರದೆ ಬೇಕಾದಲ್ಲಿ ಕೂರಿಸಬಹುದಾದ ಬಿಡಿಭಾಗಗಳ ಭಂಡಾರವಾಗಿದೆ.

ಬಡಗಿಗೂ ಕಂಚಿನ ಕೆಲಸಗಾರನಿಗೂ ಇಂಥ ಗೆರೆ ಬಲು ಅನುಕೂಲದ್ದು, ಏಕೆಂದರೆ ಅದನ್ನು ನೇರವಾಗಿ ನಕಲು ಮಾಡಿಕೊಳ್ಳಬಹುದು. ವಿಚಿತ್ರವೆಂದರೆ, ಅದೇ ಗ್ರಂಥದ ಪ್ರಸ್ತಾವನೆಯಲ್ಲಿ ಲೇಖಕರು ಫ್ಯಾಷನ್ನಿನ ಹಾವಳಿಯನ್ನೂ ಅಗ್ಗದ ಸಾಮಗ್ರಿಯ ಅನುಕರಣೆಗಳನ್ನೂ ಕಟುವಾಗಿ ಟೀಕಿಸುತ್ತಾರೆ. ಅವರ ಅಸಮಾಧಾನ ನ್ಯಾಯವಾದುದೇ. ಆದರೆ ಆ ಅನುಕರಣೆಗೆ ಇಷ್ಟು ಸಲೀಸಾದ ದಾರಿಯನ್ನು ತೆರೆದುಕೊಟ್ಟದ್ದು ಅವರದೇ ಫಲಕಗಳು.