ಸೋಫಾ ಮಾರಲು ಹೋಗಿ ಮಂಚ ಬಿಗಿ ಮಾಡಿದ ಕಥೆ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ಹೈವೇ ಬದಿಯ ಫರ್ನಿಚರ್ ಅಂಗಡಿ. ನಾನು ಇಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯಿತು. 'ಹೈವೇ ಬದಿ' ಅಂತ ಈಗಲೂ ಬಾಯಿ ತಪ್ಪಿ ಬರುತ್ತದೆ. ನಿಜವಾಗಿ ನಾವೀಗ ಇರುವುದು ಗೋಡೆಯ ಬದಿಯಲ್ಲಿ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಲೇನ್ ಆಗುವಾಗ ಅಂಗಡಿಯ ಅಂಗಳ ಹೋಯಿತು, ಅಂಗಳದ ಬಾದಾಮಿ ಮರ ಹೋಯಿತು, ಗಾಡಿ ನಿಲ್ಲಿಸುವ ಜಾಗವೂ ಹೋಯಿತು. ರಸ್ತೆ ಎದ್ದು ಮೇಲೆ ನಿಂತಿತು. ಮೇಲೆ ಕಾರುಗಳು, ಕೆಳಗೆ ಸರ್ವಿಸ್ ರೋಡಿನಲ್ಲಿ ನಾವು. ಶೋಕೇಸಿನಲ್ಲಿ ಎಷ್ಟು ಚಂದದ ಸೋಫಾ ಇಟ್ಟರೂ ಅದನ್ನು ನೋಡುವುದು ಎದುರಿನ ಕಾಂಕ್ರೀಟ್ ಗೋಡೆ ಮಾತ್ರ.

ಮೊದಲೆಲ್ಲ ಅರ್ಧ ವ್ಯಾಪಾರ ಆಗುತ್ತಿದ್ದದ್ದು ದಾರಿಯಲ್ಲಿ ಹೋಗುವವರಿಂದ. ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವವರು ಸುಮ್ನೆ ಗಾಡಿ ನಿಲ್ಲಿಸಿ, ಒಂದು ಕುರ್ಚಿಯಲ್ಲಿ ಕೂತು, ರೇಟು ಕೇಳಿ, ಹದಿನೈದು ದಿನ ಬಿಟ್ಟು ಬಂದು ಕೊಂಡುಹೋಗುತ್ತಿದ್ದರು. ಈಗ ನಮ್ಮ ಅಂಗಡಿಗೆ ಬರಬೇಕೆಂದರೆ ಮುಂದೆ ಹೋಗಿ, ಅಂಡರ್‌ಪಾಸ್‌ನಲ್ಲಿ ತಿರುಗಿ, ವಾಪಸ್ ಬರಬೇಕು. ಒಂದು ಸ್ಟೂಲಿಗೋಸ್ಕರ ಯಾರು ಅಷ್ಟು ಸುತ್ತುತ್ತಾರೆ?

ಗೋಡೆ ಒಂದೇ ಕಾರಣ ಅಂದರೆ ಸುಳ್ಳಾಗುತ್ತದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟಿನ ತಲೆಬಿಸಿ ಹೋಯಿತು. ಮಂಗಳೂರಿನ ಅಂಗಡಿಯವರು ಆರಾಮವಾಗಿ ಈಚೆ ಮಾಲು ಕಳಿಸತೊಡಗಿದರು. ಹೊಸ ಮನೆ ಕಟ್ಟುವವರು ಈಗ ಕಪಾಟು, ಮಂಚ, ಟಿವಿ ಸ್ಟ್ಯಾಂಡ್ ಎಲ್ಲವನ್ನೂ ಇಂಟೀರಿಯರ್‌ನವರಿಗೇ ವಹಿಸುತ್ತಾರೆ. ಉಳಿದದ್ದು ಮೊಬೈಲಿನಲ್ಲಿ ಬರುತ್ತದೆ. ಗಲ್ಫಿನಿಂದ ಬರುವ ದುಡ್ಡೂ ಮೊದಲಿನ ಹಾಗೆ ಒಟ್ಟಿಗೆ ಬಂದು ಒಟ್ಟಿಗೆ ಖರ್ಚಾಗುವ ದುಡ್ಡಲ್ಲ. ಆಗ ಮದುವೆ ನಿಶ್ಚಯ ಆದರೆ ಬೆಡ್‌ರೂಮ್ ಸೆಟ್ ಖಂಡಿತ. ಈಗ ಅವರೂ ನಾಲ್ಕು ಕಡೆ ರೇಟು ಕೇಳಿಯೇ ಬರುತ್ತಾರೆ.

'ಎಂತಾದ್ರೂ ಮಾಡ್ಬೇಕು' ಅಂದರು ನಮ್ಮ ಧನಿ. ಮಾಡಿದೆವು.

ಮೊದಲು ಮಾಡಿದ್ದು ನೋಟೀಸು. ಮಲಯಾಳದಲ್ಲಿ ಚಂದಕ್ಕೆ ಬರೆಸಿದೆವು. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡ ಓದುವವರು ಅಲ್ವಾ, ಕನ್ನಡದಲ್ಲೂ ಬೇಕು ಅಂತ ಪ್ರೆಸ್ಸಿನವರಿಗೇ ಹೇಳಿದೆವು. ಅವರು ಮಲಯಾಳದ ಅಕ್ಷರ ತೆಗೆದು ಕನ್ನಡದ ಅಕ್ಷರ ಹಾಕಿ ಕೊಟ್ಟರು. ನಾನು ಓದದೆ ಸೈ ಅಂದೆ. ಎರಡು ಸಾವಿರ ನೋಟೀಸು ಪೇಪರಿನ ಒಳಗೆ ಸೇರಿ ಮನೆ ಮನೆಗೆ ಹೋಯಿತು. ಮೇಲ್ಗಡೆ ದೊಡ್ಡದಾಗಿ 'ಸುವರ್ಣಾವಸರ!' ಅಂತ. ಕೆಳಗೆ 'ಸೌಜನ್ಯ ಡೆಲಿವರಿ'.

ಮಲಯಾಳದಲ್ಲಿ ಅವಸರ ಅಂದರೆ ಅವಕಾಶ, ಸೌಜನ್ಯ ಅಂದರೆ ಉಚಿತ. ಕನ್ನಡದಲ್ಲಿ ಎಂತ ಅಂತ ನಿಮಗೆ ಗೊತ್ತು.

ಮರುದಿನ ಬೆಳಿಗ್ಗೆ ನಿವೃತ್ತ ಮಾಸ್ಟ್ರೊಬ್ಬರು ನೋಟೀಸು ಹಿಡಿದುಕೊಂಡೇ ಬಂದರು. 'ಎಂತ ಮಾರಾಯ, ಚಿನ್ನದಂಥ ಅವಸರ ನಿಮಗೆ ಎಂತಕ್ಕೆ? ಮತ್ತೆ ಈ ಸೌಜನ್ಯದ ಡೆಲಿವರಿ! ಬೇರೆ ಅಂಗಡಿಯವರು ಬೈದು ಕೊಟ್ಟು ಹೋಗ್ತಾರಾ?' ಅಂತ ಕೇಳಿದರು. ಅಂಗಡಿಯಲ್ಲಿದ್ದ ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಹೊಟ್ಟೆಯೊಳಗೆ ಉರಿಯಿತು. ನಾನು ಕನ್ನಡ ಶಾಲೆಯಲ್ಲಿ ಕಲಿತವ. ಅದೇ ಶಾಲೆಯಲ್ಲಿ ಅವರು ನನಗೆ ಪಾಠ ಮಾಡಿದವರು.

ಎರಡನೆಯದು ಲಕ್ಕಿ ಸ್ಕೀಮು. ತಿಂಗಳಿಗೆ ಸಾವಿರ ಕಟ್ಟುವುದು, ಪ್ರತಿ ತಿಂಗಳು ಚೀಟಿ ಎತ್ತುವುದು, ಹೆಸರು ಬಂದವರು ಸೋಫಾ ಕೊಂಡುಹೋಗುವುದು, ಮತ್ತೆ ಅವರು ಕಟ್ಟಬೇಕಿಲ್ಲ. ಈ ಕರಾವಳಿಯಲ್ಲಿ ಇಂಥ ಸ್ಕೀಮು ಬೇಕಾದಷ್ಟು ನೋಡಿದ್ದೇವೆ. ಬ್ಯಾನರಿಗೆ ಅಡ್ವಾನ್ಸ್ ಕೊಟ್ಟೂ ಆಗಿತ್ತು. ನಮ್ಮ ಲೆಕ್ಕ ನೋಡುವವರು ತಡೆದರು. ಇಂಥ ಪ್ರೈಸ್ ಚಿಟ್ಟಿಗೆ 1978ರಲ್ಲೇ ನಿಷೇಧದ ಕಾನೂನು ಬಂದಿದೆಯಂತೆ. ನನಗೆ ಗೊತ್ತೇ ಇರಲಿಲ್ಲ. ಬ್ಯಾನರಿನ ಅಡ್ವಾನ್ಸ್ ಹೋಯಿತು, ಮರ್ಯಾದೆ ಉಳಿಯಿತು.

ಡಿಸ್ಕೌಂಟಿನ ಬೋರ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 50% ಅಂತ ಬರೆದರೆ ಜನ ಮೊದಲು ಕೇಳುವುದು, 'ಹಾಗಾದರೆ ನಿನ್ನೆವರೆಗೆ ಡಬಲ್ ತಗೊಳ್ತಿದ್ದಿರಾ?'

ಸರಿಯಾದ ದಾರಿ ಸಿಕ್ಕಿದ್ದು ಒಂದು ಜಗಳದಿಂದ. ಅದು ಆಟಿ ತಿಂಗಳು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರಿಗೆ ಆಟಿ, ಮಲಯಾಳದವರಿಗೆ ಕರ್ಕಾಟಕ. ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಹೊಸ ಸಾಮಾನು ಮನೆಗೆ ತರುವ ಕ್ರಮ ಇಲ್ಲ. ಹೊರಗೆ ಜಡಿಮಳೆ. ನಮ್ಮ ಅಂಗಡಿಯಲ್ಲಿ ಆ ತಿಂಗಳು ಕೆಲಸ ಅಂದರೆ ಧೂಳು ಒರೆಸುವುದು, ಬೂಷ್ಟು ಒರೆಸುವುದು. ಆಗ ಬದಿಯಡ್ಕ ಕಡೆಯ ಒಬ್ಬರು ಫೋನ್ ಮಾಡಿ ಬೊಬ್ಬೆ ಹೊಡೆದರು. ಎರಡು ವರ್ಷದ ಹಿಂದೆ ನಮ್ಮಲ್ಲಿ ಕೊಂಡುಹೋದ ಮಂಚಕ್ಕೆ ಬೂಷ್ಟು ಹಿಡಿದಿದೆ, ಕಾಲು ಅಲುಗುತ್ತಿದೆ ಅಂತ. ವಾರಂಟಿ ಮುಗಿದಿತ್ತು. ಬೇರೆ ತಿಂಗಳಾದರೆ 'ಆಗಲಿಕ್ಕಿಲ್ಲ' ಅನ್ನುತ್ತಿದ್ದೆವೋ ಏನೋ. ಆಟಿಯಲ್ವಾ, ಯಾರಿಗೂ ಕೆಲಸ ಇರಲಿಲ್ಲ. ನಮ್ಮ ಬಡಗಿ ಆಚಾರಿಯವರನ್ನು ಪಿಕಪ್‌ನಲ್ಲಿ ಕೂರಿಸಿಕೊಂಡು ಹೊರಟೆ.

ಗಾಡಿ ಮನೆವರೆಗೆ ಹೋಗುವುದಿಲ್ಲ. ತೋಟದ ಕರೆಯಲ್ಲಿ ನಿಲ್ಲಿಸಿ, ಅಡಿಕೆ ಮರದ ಸಂಕ ದಾಟಿ, ಕೊಡೆ ಹಿಡಿದು ನಡೆಯಬೇಕು. ಮಂಚ ಸರಿ ಮಾಡುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಗೋಡೆಗೆ ತಾಗಿಸಿ ಇಟ್ಟಿದ್ದರು, ಗೋಡೆ ತೇವ ಎಳೆದಿತ್ತು, ಅಷ್ಟೇ. ಒರೆಸಿ, ಬೋಲ್ಟು ಬಿಗಿ ಮಾಡಿ, ಮಂಚವನ್ನು ಗೋಡೆಯಿಂದ ನಾಲ್ಕು ಇಂಚು ಈಚೆಗೆ ಎಳೆದಿಟ್ಟು ಹೊರಡುವಾಗ ಆಚಾರಿಯವರ ಕಣ್ಣು ಚಾವಡಿಯ ಇನ್ನೊಂದು ಮಂಚದ ಮೇಲೆ ಬಿತ್ತು. ಹಲಸಿನ ಮರದ್ದು. ಕೂತು ಮಲಗಿ ಮಲಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಅವರು ಅದರ ಕಾಲನ್ನು ಮೆಲ್ಲಗೆ ಅಲುಗಿಸಿ ನೋಡಿದರು.

ಒಳಗಿನಿಂದ ಅಜ್ಜಿ ಓಡಿ ಬಂದರು. 'ಇದನ್ನು ಕೊಂಡುಹೋಗ್ಲಿಕ್ಕೆ ಬಂದದ್ದಾ?'

'ಅಲ್ಲಮ್ಮಾ, ಗಟ್ಟಿ ಮಾಡ್ಲಿಕ್ಕೆ' ಅಂದರು ಆಚಾರಿಯವರು.

ಅಜ್ಜಿಗೆ ನಂಬಿಕೆ ಬರಲಿಲ್ಲ. ಹಳೆ ಮರದ ಸಾಮಾನು ಅಗ್ಗಕ್ಕೆ ಕೊಂಡುಹೋಗುವವರು ಆ ಕಡೆ ಆಗಾಗ ಬರುತ್ತಾರಂತೆ. ಅವರು ಬಾಗಿಲಿಗೆ ಒರಗಿ ನಿಂತು ನೋಡುತ್ತಲೇ ಇದ್ದರು. ಆಚಾರಿಯವರು ಸಂದಿನೊಳಗಿನ ಸಡಿಲ ಬೆಣೆ ಹೊರಗೆ ತೆಗೆದು ನನಗೆ ತೋರಿಸಿದರು. 'ನೋಡು, ಮಳೆಗೆ ಮರ ನೀರು ಕುಡಿದು ಉಬ್ಬುತ್ತದೆ, ಬೇಸಗೆಗೆ ಒಣಗಿ ಸಣ್ಣ ಆಗ್ತದೆ. ವರ್ಷಕ್ಕೊಮ್ಮೆ ಉಸಿರು ಬಿಟ್ಟ ಹಾಗೆ. ಬೆಣೆ ಸವೆದುಹೋಗ್ತದೆ, ಮಂಚಕ್ಕೆ ಏನೂ ಆಗುವುದಿಲ್ಲ.' ಹೊಸ ಬೆಣೆ ಕೆತ್ತಿ, ಕೊಡತಿಯಿಂದ ನಾಲ್ಕು ಏಟು ಹೊಡೆದರು. ಆಮೇಲೆ ಅಜ್ಜಿಯನ್ನೇ ಕೂರಿಸಿದರು. ಅಜ್ಜಿ ಒಮ್ಮೆ ಆಚೆ, ಒಮ್ಮೆ ಈಚೆ ವಾಲಿ ನೋಡಿದರು. 'ಶಬ್ದವೇ ಇಲ್ಲ' ಅಂದರು. ದುಡ್ಡು ಬೇಡ ಅಂದದ್ದಕ್ಕೆ ಎರಡು ಹಲಸಿನ ಹಪ್ಪಳದ ಕಟ್ಟು ಕೊಟ್ಟರು.

ಆವತ್ತು ನಾವು ಏನೂ ಮಾರಲಿಲ್ಲ. ದೀಪಾವಳಿ ಕಳೆದ ಮೇಲೆ ಆ ಮನೆಯಿಂದ ಫೋನ್ ಬಂತು. ಬೆಂಗಳೂರಿನ ಮೊಮ್ಮಗ ಮನೆಯಿಂದಲೇ ಕೆಲಸ ಮಾಡುತ್ತಾನಂತೆ, ಮೇಜು, ಕುರ್ಚಿ ಬೇಕು. 'ನಿಮ್ಮ ಆಚಾರಿಯವರೇ ಬಂದು ಅಳತೆ ತಗೊಳ್ಳಲಿ' ಅಂದರು. ರೇಟು ಕೇಳಲಿಲ್ಲ. ಕೇಳಲಿಲ್ಲ ಅಂದರೆ ಕಡೆಗೆ ಕೇಳಿದರು ಬಿಡಿ, ಆದರೆ ಮೊದಲು ಕೇಳಲಿಲ್ಲ. ನನ್ನ ಹದಿನಾಲ್ಕು ವರ್ಷದಲ್ಲಿ ಅದು ಹೊಸತು.

ಮರುವರ್ಷ ನಾನು ಧನಿಗಳಿಗೆ ಹೇಳಿದೆ, ಆಟಿ ತಿಂಗಳು ಪೂರ್ತಿ ಪಿಕಪ್, ಆಚಾರಿ, ಒಬ್ಬ ಹೆಲ್ಪರ್ ಮೂರನ್ನೂ ನನಗೆ ಕೊಡಿ, ನಮ್ಮಲ್ಲಿ ಕೊಂಡದ್ದಾಗಲಿ ಬಿಡಲಿ, ಯಾರ ಮನೆಯ ಮರದ ಸಾಮಾನಾದರೂ ಬಿಗಿ ಮಾಡಿ ಕೊಡೋಣ ಅಂತ. 'ಮಂಡೆ ಸರಿ ಉಂಟಾ ನಿನಗೆ? ಹಳತು ಗಟ್ಟಿಯಾದ್ರೆ ಹೊಸತು ಯಾರು ತಗೊಳ್ತಾರೆ?' ಅಂದರು. ಅವರ ಪ್ರಶ್ನೆ ತಪ್ಪಲ್ಲ. ನಾನು ಲೆಕ್ಕ ತೋರಿಸಿದೆ. ಪೇಪರಿಗೆ ನೋಟೀಸು ಹಾಕಿಸುವ ಖರ್ಚಿನಲ್ಲೇ ಡೀಸೆಲ್, ಫೆವಿಕಾಲ್, ಉಪ್ಪುಕಾಗದ ಎಲ್ಲ ಬರುತ್ತಿತ್ತು. ಆಚಾರಿಯವರ ಸಂಬಳ ಹೇಗೂ ಕೊಡುವುದೇ. ಬೆತ್ತ ಹೆಣೆಯುವುದು, ಪಾಲಿಶ್, ಕುಶನ್ ಬದಲಿಸುವುದು ಇದ್ದರೆ ಅದಕ್ಕೆ ಚಾರ್ಜು. ಬಿಗಿ ಮಾಡುವುದು ಮಾತ್ರ ಉಚಿತ.

ಮನೆಯೊಳಗೆ ಹೋದರೆ ಅಂಗಡಿಯಲ್ಲಿ ಕೂತು ಎಷ್ಟು ವರ್ಷ ಕಳೆದರೂ ತಿಳಿಯದ ಸಂಗತಿಗಳು ತಿಳಿಯುತ್ತವೆ. ಮನೆ ಮನೆಯಲ್ಲೂ ಒಂದೇ ಕಥೆ: ಮಗ ಕಳಿಸಿದ ದುಡ್ಡಿನಲ್ಲಿ ಬಂದ ಹೊಸ ಸೋಫಾ ಖಾಲಿ, ಅಪ್ಪ ಅಮ್ಮ ಕೂರುವುದು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಕೇಳಿದರೆ, 'ಅದರಲ್ಲಿ ಕೂತರೆ ಏಳ್ಲಿಕ್ಕೆ ಆಗುವುದಿಲ್ಲ ಮಗಾ.' ಆಚಾರಿಯವರು ಟೇಪು ಹಿಡಿದರು. ನೆಲದಿಂದ ಹದಿನಾರು ಇಂಚು, ಮೇಲೆ ಮೆತ್ತನೆಯ ಫೋಮು. ಕೂತರೆ ಇನ್ನೂ ಎರಡು ಇಂಚು ಕೆಳಗೆ. ಮೊಣಕಾಲು ನೋವಿನವರು ಅಲ್ಲಿಂದ ಹೇಗೆ ಏಳುವುದು? ಅಲ್ಲೇ ನಾಲ್ಕು ಕಾಲಿಗೂ ಮೂರು ಇಂಚಿನ ಮರದ ಕಟ್ಟೆ ಕೊಟ್ಟು ಎತ್ತರ ಮಾಡಿದರು.

ಮುಂದಿನ ತಿಂಗಳು ನಮ್ಮ ವರ್ಕ್‌ಶಾಪಿನಲ್ಲೇ ಒಂದು ಸೋಫಾ ಮಾಡಿದೆವು. ಸೀಟು ಹತ್ತೊಂಬತ್ತು ಇಂಚು, ಗಟ್ಟಿ ಫೋಮು, ಕೈ ಊರಿ ಏಳುವುದಕ್ಕೆ ಮರದ ಹಿಡಿ. ಕ್ಯಾಟಲಾಗಿನಲ್ಲಿ ಅದಕ್ಕೆ ಎಂತದೋ ಇಟಾಲಿಯನ್ ಹೆಸರು ಇಡೋಣ ಅಂತ ಧನಿಗಳ ಮಗ ಹೇಳಿದ. ನಾವು 'ಅಜ್ಜಿ ಸೋಫಾ' ಅಂದೆವು. ವಾಟ್ಸಾಪ್‌ಗೆ ವಿಡಿಯೋ ಮಾಡಿದಾಗ ನಮ್ಮ ಹೆಲ್ಪರಿನ ಅಜ್ಜಿಯೇ ಕೂತು, ಎದ್ದು, ತುಳುವಿನಲ್ಲಿ ಎರಡು ಮಾತು ಹೇಳಿದರು. ಅದೇ ವಿಡಿಯೋ ಕನ್ನಡದಲ್ಲೂ ಮಲಯಾಳದಲ್ಲೂ ಮಾಡಿದೆವು, ಆದರೆ ಜಾಸ್ತಿ ಓಡಿದ್ದು ತುಳುವಿನದ್ದು. ದುಬೈಯಿಂದ, ಮುಂಬೈಯಿಂದ ಮಕ್ಕಳು ಫೋನ್ ಮಾಡಿ ಊರಿನ ತಂದೆತಾಯಿಗೆ ಆರ್ಡರ್ ಕೊಟ್ಟರು. ಎದುರಿನ ಗೋಡೆಯ ನೆನಪೇ ನಮಗಿರಲಿಲ್ಲ.

ಅಂಗಡಿಯೊಳಗೆ ಮಾಡಿದ್ದು ಎರಡೇ. ಒಂದು, ಒಂದು ಸೋಫಾವನ್ನು ನಟ್ಟನಡುವೆ ಕೊಯ್ದು ಇಟ್ಟದ್ದು. ಒಳಗಿನ ಮರ, ಬೆಲ್ಟು, ಫೋಮು ಎಲ್ಲ ಕಾಣುತ್ತದೆ. 40 ಡೆನ್ಸಿಟಿ ಅಂದರೆ ಎಂತ ಅಂತ ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಫೋಮಿನ ತೂಕ 40 ಕಿಲೋ ಅಂತ ಅರ್ಥ. ಎರಡು ತುಂಡು ಕೈಗೆ ಕೊಟ್ಟು ಒತ್ತಿ ನೋಡಿ ಅಂದರೆ ಮತ್ತೆ ಮಾತು ಬೇಡ. ಎರಡನೆಯದು, ಕೌಂಟರಿನ ಹತ್ತಿರ ಒಂದು ಬಕೆಟ್ ನೀರು. ಅದರಲ್ಲಿ ಪಾರ್ಟಿಕಲ್ ಬೋರ್ಡ್ (ಮರದ ಪುಡಿ ಒತ್ತಿ ಮಾಡಿದ ಹಲಗೆ), ರಬ್ಬರ್ ಮರ, ಮೆರೈನ್ ಪ್ಲೈ ಮೂರರ ತುಂಡು. ಪಾರ್ಟಿಕಲ್ ಬೋರ್ಡು ಸಂಜೆಯೊಳಗೆ ಗಂಜಿಯಲ್ಲಿ ನೆನೆದ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ಮೆರೈನ್ ಪ್ಲೈಯ ಗುಣಮಟ್ಟಕ್ಕೆ ಹಾಕುವ ಐಎಸ್ 710 ಮುದ್ರೆ ಇರುವ ಪ್ಲೈ ಅಂದರೆ ಕುದಿಯುವ ನೀರಿನಲ್ಲಿ 72 ಗಂಟೆಯ ಪರೀಕ್ಷೆ ದಾಟಬೇಕಾದದ್ದು, ಬಕೆಟ್ ನೀರು ಅದಕ್ಕೆ ಲೆಕ್ಕವೇ ಅಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಆ ಬಕೆಟ್ಟಿನಷ್ಟು ಚೆನ್ನಾಗಿ ಮಾತಾಡುವ ಸೇಲ್ಸ್‌ಮ್ಯಾನ್ ನಮ್ಮಲ್ಲಿ ಬೇರೆ ಇಲ್ಲ, ನನ್ನನ್ನೂ ಸೇರಿಸಿ. ಕೆಲವರು ಬಕೆಟ್ ನೋಡಿದ ಮೇಲೂ ಪಾರ್ಟಿಕಲ್ ಬೋರ್ಡಿನ ಕಪಾಟೇ ಕೊಂಡುಹೋಗುತ್ತಾರೆ, ಬಜೆಟ್ ಅಷ್ಟೇ ಇರುತ್ತದೆ. ಅವರಿಗೆ ಗೋಡೆಯಿಂದ ದೂರ ಇಡಿ, ಕೆಳಗೆ ಸ್ಟ್ಯಾಂಡ್ ಹಾಕಿ ಅಂತ ಹೇಳಿ ಕಳಿಸುತ್ತೇವೆ. ಅವರು ಬೊಬ್ಬೆ ಹೊಡೆಯುವ ಫೋನ್ ಮಾಡುವುದಿಲ್ಲ.

ಬೆತ್ತದ ಕುರ್ಚಿಗಳನ್ನು ನಾವು ಇಡುವುದನ್ನೇ ನಿಲ್ಲಿಸಿದ್ದೆವು. ಆಟಿಯ ತಿರುಗಾಟದಲ್ಲಿ ಅತಿ ಹೆಚ್ಚು ಜನ ಕೇಳಿದ್ದು ಅದನ್ನೇ. 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಬೆತ್ತದ, ಬಿದಿರಿನ ಫರ್ನಿಚರಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿಯಿತು. ಮರದ್ದಕ್ಕೆ 18 ಇದೆ. ಈಗ ಬಾಗಿಲಿನ ಬಳಿಯೇ ನಾಲ್ಕು ಬೆತ್ತದ ಕುರ್ಚಿ ಇಟ್ಟಿದ್ದೇವೆ, ತೆರಿಗೆ ಸೇರಿಸಿಯೇ ರೇಟು ಬರೆದು.

ಇನ್ನೊಂದು ಅಭ್ಯಾಸ ಕೃಷಿಕರ ಮನೆಗಳಿಂದ ಕಲಿತದ್ದು. ಅಡಿಕೆ ಕೊಯ್ದು, ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ, ಸುಲಿದು, ರೇಟು ನೋಡಿ ಕೊಟ್ಟ ಮೇಲೆಯೇ ಅಲ್ಲಿ ದುಡ್ಡು ಓಡಾಡುವುದು. ಅದಕ್ಕೆ ಮೊದಲು ಹೋಗಿ ಸೋಫಾ ಸೋಫಾ ಅಂದರೆ ಕಾಫಿ ಸಿಗುತ್ತದೆ, ಆರ್ಡರ್ ಸಿಗುವುದಿಲ್ಲ. ನನ್ನ ಪುಸ್ತಕದಲ್ಲಿ ಈಗ ಒಬ್ಬೊಬ್ಬರ ಹೆಸರಿನ ಮುಂದೆ ಫೋನ್ ಮಾಡಬೇಕಾದ ತಿಂಗಳು ಬರೆದಿದೆ. ಅಡಿಕೆಯವರಿಗೆ ಬೇಸಗೆ, ಸರಕಾರಿ ಕೆಲಸದವರಿಗೆ ಓಣಂ ಬೋನಸ್, ಗಲ್ಫಿನವರಿಗೆ ರಜೆಯಲ್ಲಿ ಬರುವ ತಿಂಗಳು. ಬಾಗಿಲಿನ ಅಗಲವೂ ಬರೆದಿದೆ. ಒಂದು ಹಳೆ ಮನೆಯ ಕುಳ್ಳು ಬಾಗಿಲಿನಲ್ಲಿ ತ್ರೀ ಸೀಟರ್ ಸೋಫಾ ಒಳಗೂ ಹೋಗದೆ ಹೊರಗೂ ಬರದೆ ಸಿಕ್ಕಿಕೊಂಡು, ಮನೆಯವರು ರಾತ್ರಿ ಊಟಕ್ಕೆ ಹಿತ್ತಿಲ ಬಾಗಿಲಿನಿಂದ ಓಡಾಡಬೇಕಾಯಿತು. ಆ ಮೇಲೆ ಬಾಗಿಲು ಅಳೆಯದೆ ಬಿಲ್ ಹಾಕುವುದಿಲ್ಲ.

ವ್ಯಾಪಾರ ಮೊದಲಿನಷ್ಟು ಆಗಿದೆಯಾ ಅಂತ ಕೇಳಿದರೆ, ಇಲ್ಲ. ದಾರಿಹೋಕರ ವ್ಯಾಪಾರ ಹೋದದ್ದು ಹೋಯಿತು. ಆದರೆ ಆಟಿಯಲ್ಲಿ ಸಂಬಳಕ್ಕೆ ಸಾಲ ಮಾಡುವುದು ನಿಂತಿದೆ. ಆಚಾರಿಯವರಿಗೆ ಈಗ ನನಗಿಂತ ಜಾಸ್ತಿ ಫೋನ್ ಬರುತ್ತದೆ, ಅದೊಂದು ಸಣ್ಣ ಹೊಟ್ಟೆಕಿಚ್ಚು ನನಗೆ ಉಂಟು.

ಈ ವರ್ಷದ ಆಟಿಗೆ ನೋಟೀಸು ನಾನೇ ಬರೆದೆ, ಕನ್ನಡದಲ್ಲೇ ಯೋಚಿಸಿ. ಪ್ರೆಸ್ಸಿಗೆ ಕೊಡುವ ಮೊದಲು ಮಾಸ್ಟ್ರ ಮನೆಗೆ ಕೊಂಡುಹೋದೆ. 'ಅಲುಗುವ ಮಂಚ, ಮುರಿದ ಕುರ್ಚಿ ಇದ್ದರೆ ತಿಳಿಸಿ, ಉಚಿತವಾಗಿ ಬಂದು ನೋಡುತ್ತೇವೆ' ಅಂತ ಇತ್ತು. ಅವರು ಕನ್ನಡಕ ಹಾಕಿ ಓದಿ, ಪೆನ್ನು ತೆಗೆದರು. 'ಬಂದು ನೋಡಿ ಹೋಗ್ಲಿಕ್ಕೆ ನೀವು ನೆಂಟರಾ? ಸರಿ ಮಾಡಿ ಕೊಡುತ್ತೇವೆ ಅಂತ ಬರಿ.' ತಿದ್ದಿ ಕೊಟ್ಟು, ಅದೇ ಕಾಗದದ ಹಿಂದೆ ತನ್ನ ಹೆಸರು ಬರೆದರು. ಮುಂದೆ: ಆರಾಮ ಕುರ್ಚಿ ಒಂದು, ಎಡಗೈ ಸಡಿಲ.