ಕೆರೆ ಹೂಳಲ್ಲಿ ಸಿಕ್ಕ ಆರು ಕಲ್ಲು: ಇಲ್ಲಿವರೆಗಿನ ಲೆಕ್ಕ

ಏಪ್ರಿಲ್, ಎರಡನೇ ವಾರ

ಅರಸೀಕೆರೆ ಕಡೆ ನಮ್ಮಮ್ಮನ ತವರು. ಊರಿನ ಹೆಸರು ಬರೆಯಲ್ಲ, ಹಳೇ ಕಲ್ಲು ಅಂದರೆ ರಾತ್ರಿ ಹಾರೆ ಹಿಡಿದು ಬರುವವರು ಇದ್ದೇ ಇರ್ತಾರೆ. ಕೆರೆ ಈ ಸಲ ಪೂರ್ತಿ ಒಣಗಿತ್ತು, ಹೂಳೆತ್ತಲು ಜೆಸಿಬಿ ಬಂದಿತ್ತು. ಕೋಡಿ ಹತ್ತಿರ ನಾಲ್ಕಡಿ ಕೆಳಗೆ ಬಕೆಟ್‌ಗೆ ಏನೋ ತಾಗಿದೆ. ಡ್ರೈವರ್ ಬಂಡೆ ಅಂದುಕೊಂಡು ಇನ್ನೊಂದು ಸಲ ಎಳೆದಿದ್ದಾನೆ. ಮೇಲೆ ಬಂದದ್ದು ತಲೆಯಿಲ್ಲದ ಒಂದು ಮೈ. ಮಾವ ಫೋನ್ ಮಾಡಿ, "ಲೋ, ಕಲ್ಲು ನೋಡ್ತೀನಿ ಅಂತ ಊರೂರು ಸುತ್ತುತೀಯಲ್ಲ, ಈಗ ಕಲ್ಲೇ ಎದ್ದು ಬಂದೈತೆ, ಬಾ" ಅಂದರು.

ಶನಿವಾರ ಹೋಗುವಷ್ಟರಲ್ಲಿ ಆರು ಕಲ್ಲು ಅರಳಿಮರದ ಕಟ್ಟೆ ಮೇಲಿದ್ದವು. ಅರಿಶಿನ ಕುಂಕುಮ ಆಗಲೇ ಬಿದ್ದಿತ್ತು. ಒಬ್ಬ ಹುಡುಗ ಪಾತ್ರೆ ಉಜ್ಜುವ ತಂತಿ ನಾರು ಹಿಡಿದು ಒಂದು ಕಲ್ಲನ್ನು ತಿಕ್ಕುತ್ತಿದ್ದ, ಪಾಪ, ಒಳ್ಳೇ ಮನಸ್ಸಿನಿಂದಲೇ. ಅವನ ಕೈ ಹಿಡಿದು ನಿಲ್ಲಿಸಿದೆ. ಬಳಪದ ಕಲ್ಲಿಗೆ ತಂತಿ ನಾರು ಹಾಕಿದರೆ ಎಂಟುನೂರು ವರ್ಷ ಉಳಿದ ಗೆರೆ ಐದು ನಿಮಿಷದಲ್ಲಿ ಹೋಗುತ್ತೆ. ಬರೀ ನೀರು, ಮೆತ್ತನೆ ಬ್ರಷ್, ಅಷ್ಟೇ ಸಾಕು. ಅದೂ ಅಕ್ಷರ ಇರೋ ಕಡೆ ಬೇಡ.

ಮೊದಲ ದಿನ ಗುರುತಿಸೋ ಕೆಲಸಕ್ಕೆ ಕೈ ಹಾಕಲಿಲ್ಲ. ನಂಬರ್ ಹಾಕಿದೆ, ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದೆ, ಯಾವ ಕಲ್ಲು ಎಲ್ಲಿ ಸಿಕ್ಕಿತು ಅಂತ ಡ್ರೈವರ್‌ನನ್ನೇ ಕರೆದುಕೊಂಡು ಹೋಗಿ ಗೂಟ ನೆಟ್ಟೆ. ಒಂದು, ಎರಡು, ಮೂರನೇ ಕಲ್ಲು ಒಂದೇ ಗುಂಡಿಯಲ್ಲಿ, ಉಳಿದವು ಮೂವತ್ತು ಅಡಿ ಉದ್ದಕ್ಕೂ ಅಲ್ಲಲ್ಲಿ. ಆ ಗೂಟದ ಲೆಕ್ಕ ಆಮೇಲೆ ನನ್ನ ದಾರಿ ತಪ್ಪಿಸಿತು, ಅದು ಬೇರೆ ಮಾತು.

ಇನ್ನೊಂದು ಕೆಲಸ, ತಹಸೀಲ್ದಾರರಿಗೆ ಅರ್ಜಿ. ಊರಿನವರಿಗೆ ಇದು ಇಷ್ಟವಿರಲಿಲ್ಲ, "ಜಮೀನು ಬರ್ಕೊಂಡ್ಬಿಡ್ತಾರೆ" ಅನ್ನೋ ಭಯ. 1878ರ ನಿಧಿ ಕಾಯ್ದೆಯಲ್ಲೇ ನೆಲದೊಳಗೆ ಸಿಕ್ಕಿದ್ದರ ಬೆಲೆ ಹತ್ತು ರೂಪಾಯಿ ದಾಟಿದರೆ ತಿಳಿಸಲೇಬೇಕು ಅಂತಿತ್ತು ಅಂದೆ. ಹತ್ತು ರೂಪಾಯಿನಾ ಅಂತ ಎಲ್ಲರೂ ನಕ್ಕರು. ನೂರು ವರ್ಷ ದಾಟಿದ ಶಿಲ್ಪವನ್ನು ಲೈಸೆನ್ಸ್ ಇಲ್ಲದೆ ಮಾರಿದರೆ 1972ರ ಪುರಾವಸ್ತು ಕಾಯ್ದೆಯಲ್ಲಿ ಸಿಕ್ಕಿಹಾಕ್ಕೊಳ್ತೀವಿ ಅಂದಾಗ ನಗು ನಿಂತಿತು. ಅರ್ಜಿಗೆ ಮಾವನೇ ಮೊದಲು ಸಹಿ ಹಾಕಿದರು.

ಏಪ್ರಿಲ್, ಕೊನೆ

ಮುಖ ಇದ್ದರೆ ಎಲ್ಲರೂ ಮುಖ ನೋಡ್ತಾರೆ. ನಮಗೆ ಒಂದೂ ಮುಖ ಇಲ್ಲ, ಹಾಗಾಗಿ ಕಲ್ಲಿನಿಂದಲೇ ಶುರು. ಜೆಸಿಬಿ ಹಲ್ಲು ಕೊರೆದ ಜಾಗ ನೋಡಿದರೆ ಒಳಗಿನ ಬಣ್ಣ ಸಿಗುತ್ತೆ, ನಾವೇ ಕೆರೆಯೋದು ಬೇಕಿಲ್ಲ. ಒಂದರಿಂದ ನಾಲ್ಕರವರೆಗೆ ಹಸಿರು ಬೆರೆತ ಬೂದಿ ಬಣ್ಣ. ಬೆರಳಿಟ್ಟರೆ ಹಲ್ಲುಪುಡಿಯಂಥ ನುಣ್ಣನೆ ಪುಡಿ ಅಂಟುತ್ತೆ, ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತೆ, ಅದಕ್ಕೇ ಹೊಯ್ಸಳರ ಕಾಲದ ರೂವಾರಿಗಳು ಸರದ ಒಂದೊಂದು ಮಣಿಯ ಹಿಂದೆಯೂ ಉಳಿ ತೂರಿಸಿದ್ದು. ಐದನೆಯದು ಗ್ರಾನೈಟು, ಕಾಳು ಕಾಳು. ಆರನೆಯದು ಒರಳುಕಲ್ಲಿನ ಅರ್ಧ. ಅದಕ್ಕೂ ಯಾರೋ ಕುಂಕುಮ ಹಚ್ಚಿದ್ದರು!

ಒಂದು ಮತ್ತು ಎರಡು ಜೋಡಿ. ಇದನ್ನು ಕಂಡುಹಿಡಿದದ್ದು ಎರಡಡಿ ಕರೆಂಟ್ ವೈರಿನಿಂದ. ಒಂದನೆಯದು ಆ ತಲೆಯಿಲ್ಲದ ಮೈ, ಅದರ ಬಲಭುಜ ಮುರಿದ ಅಂಚಿಗೆ ವೈರ್ ಒತ್ತಿ ಬಗ್ಗಿಸಿ, ಆ ಆಕಾರ ಕೆಡದಂತೆ ಎರಡನೇ ಕಲ್ಲಿನ ಅಂಚಿಗೆ ಹಿಡಿದರೆ ಪಕ್ಕಾ ಕೂತಿತು. ಎರಡನೆಯದರಲ್ಲಿ ಶಂಖ ಹಿಡಿದ ಮೇಲಿನ ಬಲಗೈ, ಅದಕ್ಕೆ ಅಂಟಿದ ಪ್ರಭಾವಳಿಯ ತುಣುಕು, ಅದರಲ್ಲಿ ಹೆಬ್ಬೆರಳು ಗಾತ್ರದ ವರಾಹ. ಮೈಯ ಬಲತೊಡೆ ಪಕ್ಕ ಕೆಳಗಿನ ಬಲಗೈ ಉಳಿದಿದೆ, ಅಂಗೈಯಲ್ಲಿ ತಾವರೆ ಮೊಗ್ಗು. ಎಡಗೈ ಎರಡೂ ಇಲ್ಲ.

ವಿಷ್ಣುವಿನ ಇಪ್ಪತ್ನಾಲ್ಕು ರೂಪ ಅಂತಾರಲ್ಲ, ಸಂಧ್ಯಾವಂದನೆಯಲ್ಲಿ ಹೇಳೋ ಕೇಶವ, ನಾರಾಯಣ, ಮಾಧವ, ಅದೇ. ಶಂಖ, ಚಕ್ರ, ಗದೆ, ಪದ್ಮ ನಾಲ್ಕನ್ನು ನಾಲ್ಕು ಕೈಗೆ ಬದಲಾಯಿಸಿ ಹಂಚಿದರೆ 24 ಬಗೆ ಬರುತ್ತೆ, ಒಂದೊಂದಕ್ಕೆ ಒಂದೊಂದು ಹೆಸರು. ಎರಡು ಕೈ ಗೊತ್ತಾದರೆ ಉಳಿಯೋದು ಎರಡೇ. ಕೆಳಗಿನ ಬಲಗೈಲಿ ಪದ್ಮ, ಮೇಲಿನ ಬಲಗೈಲಿ ಶಂಖ, ಮೇಲಿನ ಎಡಗೈಲಿ ಚಕ್ರ, ಕೆಳಗಿನದರಲ್ಲಿ ಗದೆ ಇದ್ದರೆ ಕೇಶವ. ಚಕ್ರ-ಗದೆ ಅದಲುಬದಲಾದರೆ ಇನ್ನೊಬ್ಬ. ಹೊಯ್ಸಳ ನಾಡಲ್ಲಿ ಕೇಶವನ ಗುಡಿಗಳೇ ಜಾಸ್ತಿ, ಹಾಗಾಗಿ ಕೇಶವ ಅಂತ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ. ಪೆನ್ನಲ್ಲಿ ಅಲ್ಲ.

ಕಾಲದ ಬಗ್ಗೆ ಊರಲ್ಲಿ ಒಬ್ಬರು "ಬೇಲೂರಿನ ಕಾಲದ್ದು, 1117" ಅಂತ ಘೋಷಿಸಿಯೇ ಬಿಟ್ಟರು. ಅಷ್ಟು ಸುಲಭ ಅಲ್ಲ. ಹಾರನಹಳ್ಳಿಗೆ ಹೋಗಿ ಅಲ್ಲಿನ ಕೇಶವ ಗುಡಿಯ ಕೆಲಸದ ಪಕ್ಕ ಫೋನಿನ ಫೋಟೋ ಹಿಡಿದು ನೋಡಿದೆ, ಆ ಗುಡಿ 1230ರ ದಶಕದ್ದು. ನಮ್ಮದರ ಸರದ ಗೊಂಚಲು, ಸೊಂಟಪಟ್ಟಿಯ ಕುಚ್ಚು ಬೇಲೂರಿಗಿಂತ ಅದಕ್ಕೇ ಹತ್ತಿರ ಅನ್ನಿಸಿತು. ಆದರೂ ಶೈಲಿ ಒಂದನ್ನೇ ನಂಬಿ ನಾನು ಹೇಳೋದು 1120ರಿಂದ 1300ರ ನಡುವೆ ಅಂತ ಮಾತ್ರ. ಹೊಯ್ಸಳರ ಶಿಲ್ಪಿ ಮಲ್ಲಿತಮ್ಮನ ಹಾಗೆ ಕೆತ್ತಿದವನೇ ಹೆಸರು ಬರೆದಿದ್ದರೆ ಕೆಲಸ ಸಲೀಸಾಗುತ್ತಿತ್ತು. ಟಾರ್ಚ್ ಹಿಡಿದು ಮೂಲೆ ಮೂಲೆ ಹುಡುಕಿದೆ, ಇಲ್ಲ.

ಮೇ, ಎರಡನೇ ವಾರ

ಈಗ ನನ್ನ ದೊಡ್ಡ ಎಡವಟ್ಟು. ಮೂರನೇ ಕಲ್ಲಲ್ಲಿ ಪೀಠದ ಮೇಲೆ ಎರಡು ಪಾದ ಇವೆ, ಬಳಪದ ಕಲ್ಲೇ, ಅದೇ ಗುಂಡಿ. ಕೇಶವನ ಪಾದವೇ ಅಂತ ಮೂರು ವಾರ ನಂಬಿಕೊಂಡಿದ್ದೆ. ಕಂಪ್ಯೂಟರ್‌ನಲ್ಲಿ ಮೂರೂ ಜೋಡಿಸಿ, ನಡುವೆ ಇಲ್ಲದ ಕಾಲನ್ನು ಗೆರೆ ಎಳೆದು ತೋರಿಸಿ, ಪ್ರಿಂಟ್ ಹಾಕಿಸಿ ಮಾವನಿಗೆ ಕೊಟ್ಟೂ ಬಿಟ್ಟಿದ್ದೆ. ಅವರು ಅದನ್ನು ದೇವರಮನೆ ಬಾಗಿಲಿಗೆ ಅಂಟಿಸಿದ್ದರು.

ಒಂದು ಸಂಜೆ ಅಮ್ಮ ಬೀನ್ಸ್ ನಾರು ತೆಗೆಯುತ್ತಾ ನನ್ನ ಲ್ಯಾಪ್‌ಟಾಪ್ ಕಡೆ ಬಗ್ಗಿದರು. "ವಿಷ್ಣು ಅಂತೀಯ, ಮೈತುಂಬ ಒಡವೆ, ಕಾಲಿಗೆ ಒಂದು ಕಡಗವೂ ಇಲ್ವಲ್ಲೋ?" ಅಂದರು.

ಸುಮ್ನೆ ಕೂತುಬಿಟ್ಟೆ. ಕಡಗ ಇಲ್ಲ, ಗೆಜ್ಜೆ ಇಲ್ಲ. ಎರಡು ಕಾಲ ಪಕ್ಕ ಇಳಿಬಿದ್ದ ಬಟ್ಟೆಯ ಅಂಚೂ ಇಲ್ಲ. ಪಾದ ಎರಡೂ ನೆಟ್ಟಗೆ, ಒಂದಕ್ಕೊಂದು ಸಮ. ಒಡವೆ ಇಲ್ಲ, ಬಟ್ಟೆ ಇಲ್ಲ, ನೇರ ನಿಲುವು: ಇದು ಕಾಯೋತ್ಸರ್ಗದಲ್ಲಿ, ಅಂದರೆ ನಿಂತೇ ಧ್ಯಾನದಲ್ಲಿರೋ ಜಿನ! ಅರಸೀಕೆರೆಯಲ್ಲೇ 1220ರ ಸಹಸ್ರಕೂಟ ಜಿನಾಲಯ ಇದೆ, ನಾನು ಹತ್ತು ಸಲವಾದರೂ ಹೋಗಿದ್ದೇನೆ, ಆದರೂ ಹೊಳೆಯಲಿಲ್ಲ. ಮಾರನೇ ಭಾನುವಾರ ಊರಿಗೆ ಹೋಗಿ ಅಳೆದರೆ ಪಾದ ಒಂದು ಗೇಣಿಗಿಂತ ಉದ್ದ, ನಮ್ಮ ಕೇಶವನ ಮೈಗೆ ಅದು ಯಾವ ಲೆಕ್ಕದಲ್ಲೂ ಹೊಂದಲ್ಲ. ಅಳತೆ ಮೊದಲೇ ನನ್ನ ಪುಸ್ತಕದಲ್ಲಿತ್ತು, ಒಂದೇ ಗುಂಡಿ ಅನ್ನೋದೊಂದನ್ನೇ ಹಿಡಿದುಕೊಂಡು ಅದರ ಕಡೆ ನೋಡಿರಲಿಲ್ಲ. ಕಾಲಿನ ಹಿಂದೆ ಹಾವಿನ ಸುರುಳಿ ಇದ್ದಿದ್ದರೆ ಪಾರ್ಶ್ವನಾಥ ಅನ್ನಬಹುದಿತ್ತು, ಅದಿಲ್ಲ. ಪೀಠದಲ್ಲಿ ಲಾಂಛನ ಇರಬೇಕಾದ ಜಾಗ ಸೀಳಿ ಹೋಗಿದೆ. ತೀರ್ಥಂಕರ, ಅಷ್ಟಕ್ಕೇ ನಿಲ್ಲಿಸಿದೆ. ಮಾವನ ಮನೆಯ ಪ್ರಿಂಟ್ ಕಿತ್ತು ತಂದೆ.

ಐದನೆಯದೂ ಹೀಗೇ ಆಟ ಆಡಿಸಿತು. ಗ್ರಾನೈಟಿನಲ್ಲಿ ಉಬ್ಬಿದ ಒಂದು ಬಳುಕು, ತೋಳಿನ ದಪ್ಪ. ಎಲ್ಲರೂ ನಾಗರಕಲ್ಲು ಅಂದರು, ನಾನೂ ಅಂದೆ. ರಾತ್ರಿ ಟಾರ್ಚನ್ನು ಕಲ್ಲಿನ ಮೇಲೆ ಅಡ್ಡಡ್ಡ ಬಿಟ್ಟಾಗ ತುದಿಯಲ್ಲಿ ಹೆಡೆ ಬದಲು ಚಿಕ್ಕ ಗಂಟೆ ಕಂಡಿತು. ಹನುಮಂತನ ಬಾಲ! ತಲೆ ಮೇಲೆ ಬಾಗಿ ಬಂದ ಬಾಲದ ತುದಿಗೆ ಗಂಟೆ ಇದ್ದರೆ ವಿಜಯನಗರ ಕಾಲದ ಯತಿ ವ್ಯಾಸರಾಯರ ಪ್ರತಿಷ್ಠೆ ಅನ್ನೋದು ನಮ್ಮ ಕಡೆ ಮಾತು. ಅವರು 732 ಹನುಮಂತರನ್ನು ನಿಲ್ಲಿಸಿದರು ಅಂತ ಹೇಳ್ತಾರೆ, ನಮ್ಮ ಜಿಲ್ಲೆಯ ಊರುಗಳ ಲೆಕ್ಕ ಕೇಳಿದರೆ ಅದರ ಹತ್ತರಷ್ಟು ಆಗಬಹುದು. ನಾನು ಬರೆದುಕೊಂಡದ್ದು ವಿಜಯನಗರ ಕಾಲ ಅಥವಾ ಅದರ ನಂತರದ್ದು ಅಂತ.

ಅಂದರೆ ಒಂದೇ ಕೆರೆಯಲ್ಲಿ ವಿಷ್ಣು, ಜಿನ, ಹನುಮಂತ, ಒಂದು ವೀರಗಲ್ಲು (ನಾಲ್ಕನೆಯದು, ಅದರ ಕಥೆ ಮುಂದೆ), ನಡುವೆ ಮುನ್ನೂರು ವರ್ಷದ ಅಂತರ. ಯಾರೋ ಬಂದು ಒಂದೇ ದಿನ ಗುಡಿ ಒಡೆದು ಕೆರೆಗೆ ಎಸೆದರು ಅನ್ನೋ ಕಥೆ ವಾಟ್ಸಾಪಲ್ಲಿ ಆಗಲೇ ಓಡಾಡ್ತಿದೆ. ಕಲ್ಲು ಹಾಗೆ ಹೇಳ್ತಿಲ್ಲ. ಮುಕ್ಕಾದ ವಿಗ್ರಹಕ್ಕೆ ಪೂಜೆ ಇಲ್ಲ, ಅದನ್ನು ನೀರಿಗೆ ಬಿಡಬೇಕು ಅನ್ನೋದು ನಮ್ಮಜ್ಜಿ ಕಾಲದವರೆಗೂ ಇದ್ದ ಪದ್ಧತಿ. ಬೇರೆ ಬೇರೆ ಕಾಲದ ಜನ ತಮ್ಮ ತಮ್ಮ ಮುಕ್ಕಾದ ದೇವರನ್ನು ತಂದು ಬಿಟ್ಟ ಜಾಗ ಇದು ಅಂತ ನನ್ನ ಲೆಕ್ಕ. ಮುರಿದ ಅಂಚುಗಳೂ ಒಂದೇ ಥರ ಇಲ್ಲ. ಕೇಶವನ ಕತ್ತಿನ ಅಂಚು ಸವೆದು ದುಂಡಗಾಗಿದೆ, ಅಂದರೆ ಮುರಿದ ಮೇಲೂ ಬಹಳ ದಿನ ಗಾಳಿ ಮಳೆಗೆ ಬಿದ್ದಿತ್ತು. ಜಿನನ ಪೀಠದ ಅಂಚು ಇನ್ನೂ ಚೂಪು.

ಜೂನ್ ಮೊದಲ ವಾರ

ನಾಲ್ಕನೇ ಕಲ್ಲನ್ನು ಕೊನೆಗೆ ಇಟ್ಟುಕೊಂಡಿದ್ದೆ, ಅಕ್ಷರ ಇರೋದು ಅದರಲ್ಲೇ. ವೀರಗಲ್ಲಿನ ನಡುಭಾಗ. ಕೆಳಗಿನ ಕಾಳಗದ ಅಂಕಣ ಇಲ್ಲ, ಮೇಲಿನ ಶಿವಲಿಂಗದ ಅಂಕಣ ಇಲ್ಲ. ನಡುವೆ ಇಬ್ಬರು ಅಪ್ಸರೆಯರು ವೀರನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಒಬ್ಬಳ ಕೈಯಲ್ಲಿ ಚಾಮರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಎರಡು ಸಾಲು ಅಕ್ಷರ, ಎಡಕ್ಕೂ ಬಲಕ್ಕೂ ಮುರಿದಿದೆ.

ಮೈದಾ ಹಿಟ್ಟು ಬಳಿದರೆ ಓದೋಕೆ ಸುಲಭ, ಆದರೆ ಬಳಿಯಲಿಲ್ಲ. ನಿಜವಾದ ಪಡಿಯಚ್ಚು ತೆಗೆಯೋಕೆ ಒದ್ದೆ ಕಾಗದ ಹಾಸಿ ಬ್ರಷ್‌ನಲ್ಲಿ ಬಡಿದು ಮಸಿ ಒತ್ತಬೇಕು, ನನಗೆ ಆ ಕೈ ಇಲ್ಲ. ಮತ್ತೆ ಅಡ್ಡ ಟಾರ್ಚು, ಮತ್ತೆ ಫೋಟೋ, ಒಟ್ಟು 140. ಅವನ್ನೆಲ್ಲ ಸೇರಿಸಿ ಮೂರು ಆಯಾಮದ ಮಾದರಿ ಮಾಡಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಸ್ಕ್ಯಾನ್ ಮಾಡುತ್ತಾರಲ್ಲ, ಅದರ ಬಡವರ ಆವೃತ್ತಿ. ಹೆಬ್ಬಾಳದಲ್ಲಿ 2018ರಲ್ಲಿ ಅಗೆಯುವಾಗ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಎಂಟನೇ ಶತಮಾನದ್ದು ಅಂತ ಗೊತ್ತಾದಾಗಿನಿಂದ ನನಗೆ ಈ ಹುಚ್ಚು.

ಮೊದಲ ಸಾಲಲ್ಲಿ "ಸಕವರುಷ ೧೧", ಅಲ್ಲಿಗೆ ಕಲ್ಲು ಮುಗಿಯಿತು. ಎರಡನೇ ಸಾಲು ಶುರುವಾಗೋದು "...ಾರಿ ಸಂವತ್ಸರದ" ಅಂತ. ಶಕಕ್ಕೆ 78 ಸೇರಿಸಬೇಕು, ಹಾಗಾಗಿ 1178ರಿಂದ 1277ರೊಳಗೆ. ನೂರು ವರ್ಷ. ಆದರೆ ಸಂವತ್ಸರ ಇದೆಯಲ್ಲ! ಅರವತ್ತರಲ್ಲಿ "ಾರಿ" ಅಂತ ಮುಗಿಯೋದು ಮೂರೇ: ಸರ್ವಧಾರಿ, ವಿಕಾರಿ, ರುಧಿರೋದ್ಗಾರಿ. ಶಾರ್ವರಿಗೆ ದೀರ್ಘ ಇಲ್ಲ, ಅದು ಹೊರಗೆ. ಕ್ಯಾಲೆಂಡರ್ ಹಿಡಿದು ಅರವತ್ತರ ಲೆಕ್ಕದಲ್ಲಿ ಹಿಂದಕ್ಕೆ ಹೋದರೆ (ವಿಕಾರಿ ನಮಗೆ 2019ರಲ್ಲಿ ಬಂದಿತ್ತು, ಅದರಿಂದ 780 ಕಳೆಯಿರಿ) ಉಳಿಯೋದು ಐದು ವರ್ಷ. 1179, 1203, 1228, 1239, 1263. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಂದ ಸೋಮೇಶ್ವರನ ಕಾಲದ ಆಸುಪಾಸಿನವರೆಗೆ.

ಚೆಂದದ ವಿಷಯ ಏನಂದ್ರೆ, ಈ ಐದಕ್ಕೆ ಶಕವರ್ಷ 1101, 1125, 1150, 1161, 1185. ಮೂರನೇ ಅಂಕಿ ಐದರಲ್ಲೂ ಬೇರೆ ಬೇರೆ! ಒಂದೇ ಒಂದು ಅಂಕಿ ಸಿಕ್ಕರೆ ವರ್ಷವೇ ಸಿಕ್ಕಿತು. ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ರೈಸ್ ಸಾಹೇಬರ 1902ರ ಹಾಸನ ಸಂಪುಟದಲ್ಲೂ, ಮೈಸೂರು ವಿಶ್ವವಿದ್ಯಾಲಯದ ಹೊಸ ಸಂಪುಟದಲ್ಲೂ ನಮ್ಮೂರಿನ ಪುಟ ತಿರುವಿದೆ, ಈ ಕಲ್ಲು ಇಲ್ಲ.

ಜೂನ್, ಮೂರನೇ ವಾರ

ಪುರಾತತ್ವ ಇಲಾಖೆಯವರು ಬಂದು ನೋಡಿ, ಪಟ್ಟಿ ಮಾಡಿಕೊಂಡು ಹೋದರು. ಒರಳುಕಲ್ಲು ಬಿಟ್ಟು ಉಳಿದ ಐದನ್ನು ಪಂಚಾಯ್ತಿ ಕಟ್ಟಡದೊಳಗೆ ಇಟ್ಟು ಬೀಗ ಹಾಕಿದೆ.

ಕಟ್ಟೆ ಹತ್ತಿರ ನನ್ನ ಫೋಟೋ ನೋಡುತ್ತಿದ್ದ ಒಬ್ಬ ಅಜ್ಜಿ, ಅಪ್ಸರೆಯ ಚಾಮರದ ಮೇಲೆ ಬೆರಳಿಟ್ಟು ಕೇಳಿದರು, "ಇಂಥದೇ ಪೊರಕೆ ಹಿಡ್ಕೊಂಡಿರೋ ಕಲ್ಲೊಂದು ನಮ್ಮ ಕೊಟ್ಟಿಗೆ ಮೆಟ್ಲಲ್ಲೈತೆ ಕಣಪ್ಪ. ಅದೂ ಬೇಕಾ ನಿಂಗೆ?" ಅವರ ಮಾವನವರ ಕಾಲದಲ್ಲಿ ಕೆರೆಯಿಂದ ತಂದು ಹಾಕಿದ್ದಂತೆ. ಕಾಲು ಜಾರುತ್ತೆ ಅಂತ ಕೆತ್ತನೆ ಇರೋ ಮುಖ ಮೇಲೆ ಬರುವ ಹಾಗೆ ಇಟ್ಟಿದ್ದರಂತೆ, ಆಮೇಲೆ ಸೊಸೆ ಅದರ ಮೇಲೆ ಸಿಮೆಂಟ್ ಹಾಕಿಸಿದ್ದಾಳೆ. ಹೋಗಿ ನೋಡಿದೆ. ಸಿಮೆಂಟ್ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಕೆಳಗೆ ಹಸಿರು ಬೂದಿ ಬಣ್ಣ ಕಾಣುತ್ತೆ. ನಾಲ್ಕನೇ ಕಲ್ಲಿನ ಮುರಿದ ಬಲ ಅಂಚಿನ ಆಕಾರಕ್ಕೆ ವೈರ್ ಬಗ್ಗಿಸಿ ಇದರ ಎಡ ಅಂಚಿಗೆ ಹಿಡಿದೆ, ಒಂದು ಗೇಣಿನಷ್ಟು ಹೊಂದುತ್ತೆ, ಉಳಿದದ್ದು ಸಿಮೆಂಟಿನೊಳಗೆ.

ಇಲಾಖೆಗೆ ಮತ್ತೊಂದು ಅರ್ಜಿ ಹೋಗಿದೆ. ಅಜ್ಜಿಗೆ ಬದಲಿ ಮೆಟ್ಟಿಲು ಹಾಕಿಸಿಕೊಡ್ತೀನಿ ಅಂತ ಮಾವ ಒಪ್ಪಿಕೊಂಡಿದ್ದಾರೆ. ಸೊಸೆ ಮಾತ್ರ ಇನ್ನೂ ಒಪ್ಪಿಲ್ಲ, ಹಸು ಈ ತಿಂಗಳು ಕರು ಹಾಕುತ್ತೆ, ಅಲ್ಲಿವರೆಗೆ ಕೊಟ್ಟಿಗೆ ಕಡೆ ಯಾರೂ ಬರಬೇಡಿ ಅಂದಿದ್ದಾಳೆ.